ಅತ್ತೆಯ ಹೆಸರಿನ ಫಟಫಟಿ

ನಾನು ಮದುವೆಯಾಗಿ ಶಹಾಬಾದಿಗೆ ಬಂದಾಗ ನಮ್ಮ ಮನೆಯ ಅಂಗಳದಲ್ಲಿ ಒಂದು ವಿಲಾಯತಿ ಫಟಫಟಿ ನಿಂತಿತ್ತು. ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಫಟಫಟಿ ಎನ್ನುವುದೇ ರೂಢಿ. ಅದು ನನ್ನ ಗಂಡನದಲ್ಲ, ಮಾವನವರದೂ ಅಲ್ಲ. ಅತ್ತೆಯದು. ಇಳಕಲ್ ಸೀರೆ ಉಟ್ಟು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡುವ ಹೆಂಗಸಿಗೆ ಜರ್ಮನಿಯ ಗಾಡಿ ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ.

‘ರೊಟ್ಟಿ ಬಡದು ಗಳಿಸೀನಿ.’

ಮಾತು ಸುಳ್ಳಲ್ಲ. ನನ್ನ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿಗೆ ಹೊಸ ಯಂತ್ರ ಕೂಡಿಸಲು ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅತಿಥಿಗೃಹದ ಬೇಯಿಸಿದ ಬಟಾಟೆ ತಿಂದು ತಿಂದು ಬೇಸತ್ತಿದ್ದ ಅವನು ಒಂದು ದಿನ ನನ್ನ ಗಂಡನ ಡಬ್ಬಿಗೆ ಕೈ ಹಾಕಿದ. ಜೋಳದ ರೊಟ್ಟಿ, ಹುಳಿಸೊಪ್ಪಿನ ಖಾರದ ಪುಂಡಿಪಲ್ಲೆ. ಕಣ್ಣಲ್ಲಿ ನೀರು ಸುರಿಸುತ್ತಲೇ ಪೂರಾ ತಿಂದನಂತೆ. ಮರುದಿನದಿಂದ ಅತ್ತೆ ಎರಡು ಡಬ್ಬಿ ಕಟ್ಟತೊಡಗಿದರು, ಅವನು ಇರುವಷ್ಟು ಕಾಲವೂ ಕಟ್ಟಿದರು. ಊರಿಗೆ ಹೊರಟಾಗ ಅವನು ತನ್ನ ಗಾಡಿಯನ್ನು ಅತ್ತೆಯ ಅಂಗಳದಲ್ಲಿ ನಿಲ್ಲಿಸಿ, ಇದನ್ನು ಅಮ್ಮನಿಗೆ ಕೊಟ್ಟಿದ್ದೇನೆ ಎಂದು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಸಹಿ ಹಾಕಿ ಹೋದ.

ಕೊಡುವುದೇನೋ ಕೊಟ್ಟ. ಆದರೆ ಆ ಗಾಡಿ ಮುಂಬಯಿ ಬಂದರಿನಲ್ಲಿ ಇಳಿದಾಗ, ಹೋಗುವಾಗ ವಾಪಸು ಒಯ್ಯುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟು, ಸುಂಕ ಕಟ್ಟದೆ ತಂದದ್ದು. ಇಲ್ಲೇ ಉಳಿಯುವುದಾದರೆ ಸುಂಕ ಕಟ್ಟಬೇಕು, ಕಟ್ಟಿದ್ದಕ್ಕೆ ಮುಂಬಯಿಯಿಂದ ದಾಖಲೆ ಬರಬೇಕು, ಆಮೇಲೆ ನಮ್ಮ ಜಿಲ್ಲೆಯಲ್ಲಿ ನೋಂದಣಿಯಾಗಬೇಕು. ಸುಂಕದ ಹಣವನ್ನು ಆ ಪುಣ್ಯಾತ್ಮನೇ ಕಾರ್ಖಾನೆಯ ಕ್ಯಾಷಿಯರ್ ಹತ್ತಿರ ಇಟ್ಟು ಹೋಗಿದ್ದ. ಉಳಿದ ಓಡಾಟಕ್ಕೆ ಯಾರೂ ಮನಸ್ಸು ಮಾಡಿರಲಿಲ್ಲ. ಅತ್ತೆ ಅದರ ಹ್ಯಾಂಡಲ್ಲಿಗೆ ಹಪ್ಪಳದ ಬಟ್ಟೆ ಒಣಹಾಕುತ್ತಿದ್ದರು.

ಮನಸ್ಸು ಮಾಡುವ ಹಾಗಾದದ್ದು ನನ್ನ ನೌಕರಿಯಿಂದ. ನನ್ನ ತವರು ಸೇಡಂ. ಅಲ್ಲೇ ಹತ್ತಿರದ ಶಾಲೆಯಲ್ಲಿ ಮಾಸ್ತರಬಾಯಿಯಾಗಿದ್ದೆ. ಮದುವೆಯಾದ ಮೇಲೆ ಶಹಾಬಾದಿಗೆ ವರ್ಗ ಮಾಡಿಕೊಡಿ ಎಂದು ಅರ್ಜಿ ಹಾಕಿದರೆ, ಬೇಸಿಗೆ ರಜೆಯಲ್ಲಿ ಬಂದ ಆದೇಶದಲ್ಲಿ ರಾವೂರದ ಆಚೆಗಿನ ಒಂದು ಹಳ್ಳಿ ಇತ್ತು. ಸಂಜೆ ವಾಪಸು ಬರಲು ಚಿಂತೆಯಿರಲಿಲ್ಲ, ಕಲ್ಲಿನ ಗಣಿಯ ಲಾರಿಗಳು ವಾಡಿ ಸ್ಟೇಷನ್ನಿನವರೆಗೆ ಬಿಡುತ್ತಿದ್ದವು, ಅಲ್ಲಿಂದ ರೈಲು. ಮುಂಜಾನೆಯದೇ ತೊಂದರೆ. ಪ್ಯಾಸೆಂಜರ್ ಹಿಡಿದು ವಾಡಿಗೆ ಹೋಗಿ, ಅಲ್ಲಿಂದ ನಡೆದರೆ, ಮಕ್ಕಳು ಊಟಕ್ಕೆ ಬಿಡುವ ಹೊತ್ತಿಗೆ ಶಾಲೆ ಮುಟ್ಟಬಹುದಿತ್ತು. ಆ ಹಳ್ಳಿಯಲ್ಲೇ ಒಂದು ಖೋಲಿ ಬಾಡಿಗೆ ಹಿಡಿಯುತ್ತೇನೆ ಎಂದೆ. ಅತ್ತೆ ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸಿದರು.

‘ದೀಪ ಹಚ್ಚೂದ್ರಾಗ ಮನಿಗಿ ಬರಂಗಿದ್ರ ನೌಕರಿ ಮಾಡು. ಅಲ್ಲೇ ಖೋಲಿ ಹಿಡದು ಇರ್ತೀನಂದ್ರ ನನಗ ನಡೆಂಗಿಲ್ಲ. ಸೊಸಿ ಅಂತ ಯಾರನ್ನ ತಂದೀನಿ ನಾ, ಫೋಟೋನಾ?’

ಮಾವನವರು ರೈಲ್ವೆಯಲ್ಲಿದ್ದರು. ಮನೆಯಲ್ಲಿ ಮಾತಾಡುವ ಪಾಳಿ ಅವರಿಗೆ ಬರುತ್ತಲೇ ಇರಲಿಲ್ಲ. ನನ್ನ ಗಂಡ ಮೆಲ್ಲಗೆ ಬಾಯಿ ಬಿಟ್ಟರು.

‘ಯವ್ವ, ಆ ಫಟಫಟಿ ಕಾಗದ ಆತಂದ್ರ ದಿನಾ ಮುಂಜಾನಿ ನಾ ಬಿಟ್ಟು ಬರ್ತೀನಿ. ನಂದು ಹ್ಯಾಂಗೂ ಎರಡನೇ ಪಾಳಿ.’

‘ಹಂಗಾರ ಸಾಲಿ ಸುರು ಆಗೂದ್ರಾಗ ಕಾಗದ ಮಾಡ್ಸು. ಆಗ್ಲಿಲ್ಲಂದ್ರ ಈಕಿ ರಾಜೀನಾಮಿ ಬರೀಬೇಕು. ಮಾತಂದ್ರ ಮಾತು.’

ಹೀಗೆ ನನ್ನ ನೌಕರಿ ಹೋಗಿ ಹೋಗಿ ಒಂದು ಜರ್ಮನ್ ಗಾಡಿಯ ಸುಂಕದ ಕಾಗದಕ್ಕೆ ಜೋತುಬಿತ್ತು. ನನಗೆ ಶಾಲೆಯೆಂದರೆ ಪ್ರಾಣ. ಸುಣ್ಣದ ಬಳಪ ಹಿಡಿದು ಮಕ್ಕಳ ಮುಂದೆ ನಿಂತರೆ ನಾನು ನಾನಾಗಿರುತ್ತಿದ್ದೆ. ಅದನ್ನು ಬಿಟ್ಟು ಹಪ್ಪಳ ಒಣಹಾಕುತ್ತ ಕೂಡುವುದು ನನ್ನಿಂದ ಆಗದ ಮಾತು.

ಮುಂಬಯಿಗೆ ಅರ್ಜಿ ಹೋಯಿತು. ಗಾಡಿ ಹೇಗಿದೆ ನೋಡಿ ವರದಿ ಕೊಡಿ ಎಂದು ಅಲ್ಲಿಂದ ನಮ್ಮ ಕಾರ್ಖಾನೆಯಲ್ಲೇ ಕೂಡುವ ಕೇಂದ್ರ ಅಬಕಾರಿ ಇನ್‌ಸ್ಪೆಕ್ಟರಿಗೆ ಕಾಗದ ಬಂತು. ಆಗ ಸಿಮೆಂಟಿನ ಚೀಲ ಗೇಟು ದಾಟಬೇಕಾದರೆ ಅವರು ನೋಡಿ ಸುಂಕ ಹಾಕಬೇಕಿತ್ತು. ಜೀವಮಾನವಿಡೀ ಚೀಲ ನೋಡಿದ ಮನುಷ್ಯ ನಮ್ಮ ಅಂಗಳಕ್ಕೆ ಬಂದು, ಫಟಫಟಿಯನ್ನು ಎರಡು ಸುತ್ತು ಸುತ್ತಿ, ಚೀಲ ತಟ್ಟಿದಂತೆ ಅದರ ಸೀಟನ್ನೂ ತಟ್ಟಿದರು. ಎಂಜಿನ್ನಿನ ಮೇಲಿನ ನಂಬರ್ ಬರೆದುಕೊಂಡರು. ಹ್ಯಾಂಡಲ್ ಕೆಳಗೆ ಅಡ್ಡವಿದ್ದ ಕೇಬಲಿನ ಪಟ್ಟಿ ಬಿಚ್ಚಿಸಿ, ಗಾಡಿಯ ಕುತ್ತಿಗೆಯ ಕಬ್ಬಿಣದಲ್ಲಿ ಕೊರೆದಿದ್ದ ಚಾಸಿ ನಂಬರಿನ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಎರಡು ಅಚ್ಚು ತೆಗೆದು, ಒಂದನ್ನು ನಮಗೆ ಕೊಟ್ಟರು. ಆಮೇಲೆ ಚಹಾ ಕುಡಿಯುತ್ತ ಅತ್ತೆಯನ್ನು ಕೇಳಿದರು.

‘ಗಾಡಿಗಿ ಕಿಮ್ಮತ್ತು ಏನು ಕೊಟ್ಟೀರಿ ಅಂತ ಬರಕೊಳ್ಳಲಿ ಅವ್ವಾರ?’

‘ರೊಟ್ಟಿ, ಪುಂಡಿಪಲ್ಲ್ಯಾ. ಬರಕೋರಿ.’

‘ಅದನ್ನ ಬರೆಯಾಕ ಬರಂಗಿಲ್ರೀ.’

‘ಯಾಕ ಬರಂಗಿಲ್ಲ? ಅದಕ್ಕ ತಾನೇ ಕೊಟ್ಟು ಹೋಗ್ಯಾನ ಅವ? ಸರಕಾರ ಯಾವಾಗಿಂದ ರೊಟ್ಟಿಗಿ ಸುಂಕ ಹಚ್ಚಲಿಕತ್ತದ್ರಿ?’

ಅವರು ಕೊನೆಗೆ ‘ಉಡುಗೊರೆ’ ಎಂದು ಬರೆದುಕೊಂಡು, ಇನ್ನೊಂದು ಕಪ್ ಚಹಾ ಕೇಳಿ ಕುಡಿದು ಹೋದರು. ನಮ್ಮ ಅದೃಷ್ಟಕ್ಕೆ ಸುಂಕ ಕಟ್ಟಿಸಿಕೊಂಡ ಮುಂಬಯಿ ದಾಖಲೆ ರಜೆ ಮುಗಿಯುವ ಮೊದಲೇ ಬಂತು. ಅಂಚೆಯವನ ಕೈಗೆ ನಾನೇ ಬೆಲ್ಲ ಕೊಟ್ಟೆ. ಉಳಿದದ್ದು ನೋಂದಣಿಯೊಂದೇ. ಅದಕ್ಕೆ ವಾಹನ ತಪಾಸಣೆ ಮಾಡುವ ಗುಲ್ಬರ್ಗಾದ ಬ್ರೇಕ್ ಇನ್‌ಸ್ಪೆಕ್ಟರ್ ತಿಂಗಳಿಗೊಮ್ಮೆ ಚಿತ್ತಾಪುರದ ಪ್ರವಾಸಿ ಮಂದಿರಕ್ಕೆ ಕ್ಯಾಂಪ್ ಬರುತ್ತಿದ್ದರು. ಶಾಲೆ ಶುರುವಾಗುವ ಮೊದಲಿನ ಕ್ಯಾಂಪು ಮುಂದಿನ ವಾರವೇ ಇತ್ತು. ನಾನು ಪುಸ್ತಕಗಳಿಗೆ ಹೊದಿಕೆ ಹಾಕತೊಡಗಿದೆ.

ಕ್ಯಾಂಪಿನ ಹಿಂದಿನ ದಿನ ನಾನು, ನನ್ನ ಗಂಡ ಪೇಟೆಗೆ ಹೋಗಿ ಬರುವುದರೊಳಗೆ ಅಂಗಳದಲ್ಲಿ ಫಟಫಟಿ ಇರಲಿಲ್ಲ. ಸಂಜೆಗೆ ನಾಲ್ಕು ಜನ ಅದನ್ನು ನೂಕಿಕೊಂಡು ಬಂದರು. ಗುರುತೇ ಸಿಗಲಿಲ್ಲ. ತುಕ್ಕಿಲ್ಲ, ಕಲೆಯಿಲ್ಲ, ಹಳೆಯ ಬಣ್ಣವೂ ಇಲ್ಲ. ಹಿಟ್ಟಿನ ಹಲಗೆಯಷ್ಟು ನುಣುಪು.

ನಮ್ಮೂರಿನ ಚಾಳಿ ಹೇಳಬೇಕು. ಶಹಾಬಾದಿ ಕಲ್ಲಿನ ಊರು ನಮ್ಮದು. ಮದುವೆ ಗೊತ್ತಾಗಲಿ, ಸಾಹೇಬರು ಬರಲಿ, ಮೊದಲು ಪಡಸಾಲೆಯ ಹಾಸುಗಲ್ಲು ಪಾಲಿಶ್ ಆಗಬೇಕು. ಬೇರೆ ಊರಿನವರು ಸುಣ್ಣ ಬಳಿದರೆ ನಾವು ಉಜ್ಜುತ್ತೇವೆ. ಹೊಸ್ತಿಲು, ತುಳಸಿ ಕಟ್ಟೆ, ಕಲ್ಲಿನ ಬೆಂಚು, ಯಾವುದನ್ನೂ ಬಿಡುವುದಿಲ್ಲ. ಅತ್ತೆಯ ತಮ್ಮನ ಕಲ್ಲಿನ ಅಡ್ಡೆ ಓಣಿಯ ಕೊನೆಯಲ್ಲೇ ಇತ್ತು. ಸರಕಾರದ ಮುಂದೆ ಹೊಲಸು ಗಾಡಿ ನಿಲ್ಲಿಸಿದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಅತ್ತೆ ಫಟಫಟಿಯನ್ನು ಅಲ್ಲಿಗೆ ಕಳಿಸಿದ್ದರು. ಅಲ್ಲಿಯ ಆಳುಗಳು ಕಲ್ಲು ಸವೆಸುವ ಎಮರಿ ಬಿಲ್ಲೆಯನ್ನೇ ನೀರು ಬಿಟ್ಟುಕೊಂಡು ಇಡೀ ಗಾಡಿಗೆ ಹಚ್ಚಿ ಉಜ್ಜಿದ್ದರು.

ನೋಡಿ ನಾನೂ ಖುಷಿಪಟ್ಟೆ. ನನ್ನ ಗಂಡನೂ ಖುಷಿಪಟ್ಟರು. ಯಾರಿಗೂ ಏನೂ ಹೊಳೆಯಲಿಲ್ಲ.

ಮರುದಿನ ಅತ್ತೆಯ ತಮ್ಮನ ಕಲ್ಲಿನ ಲಾರಿಯಲ್ಲಿ ಫಟಫಟಿ ಏರಿಸಿ, ನಾವು ಮೂವರೂ ಚಿತ್ತಾಪುರಕ್ಕೆ ಹೋದೆವು. ಗಾಡಿ ಅತ್ತೆಯ ಹೆಸರಿನಲ್ಲಿದ್ದುದರಿಂದ ಅವರೇ ಹಾಜರಿರಬೇಕಿತ್ತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದಿದ್ದರೂ ಅರ್ಜಿಯ ಮೇಲೆ ಇನ್ನೂ ಮೈಸೂರು ರಾಜ್ಯ ಎಂದೇ ಅಚ್ಚಾಗಿತ್ತು. ಗುಮಾಸ್ತರು ಅದನ್ನು ಪೆನ್ನಿನಿಂದ ಹೊಡೆದು ಹಾಕಿ ಮೇಲೆ ಕರ್ನಾಟಕ ಎಂದು ಬರೆದರು. ಬೇವಿನ ಮರದ ಕೆಳಗೆ ಟ್ರ್ಯಾಕ್ಟರು, ಲಾರಿಗಳ ಸಾಲು. ನಮ್ಮ ಗಾಡಿ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಡ್ರೈವರುಗಳೆಲ್ಲ ಬಂದು ಮುಟ್ಟಿ ನೋಡುವಾಗ ಅತ್ತೆ ಸೆರಗು ಸರಿಮಾಡಿಕೊಂಡು ನಿಂತಿದ್ದರು.

ಬ್ರೇಕ್ ಇನ್‌ಸ್ಪೆಕ್ಟರ್ ಮೈಸೂರು ಕಡೆಯ ತರುಣ. ಎಂಜಿನ್ನಿನ ಸಂದಿಯಲ್ಲಿ ಎಮರಿಗೆ ಸಿಗದೆ ಉಳಿದಿದ್ದ ನಂಬರ್ ನೋಡಿದ, ಮುಂಬಯಿ ದಾಖಲೆಗೆ ಹೊಂದಿತು. ಆಮೇಲೆ ಗಾಡಿಯ ಕುತ್ತಿಗೆಗೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ. ಹಾಳೆಯೆಲ್ಲ ಕಪ್ಪಾಯಿತೇ ಹೊರತು ಒಂದು ಅಂಕಿಯೂ ಏಳಲಿಲ್ಲ. ಬೆರಳಿನಿಂದ ಸವರಿದ. ಅವನ ಮುಖ ಬದಲಾಯಿತು.

‘ಚಾಸಿ ನಂಬರ್ ಅಳಿಸಿದ್ದೀರಲ್ರೀ. ಕಳ್ಳ ಗಾಡಿ ಮಾರೋರು ಮಾಡೋ ಕೆಲಸ ಇದು. ನೋಂದಣಿ ಆಗಲ್ಲ. ಪೊಲೀಸರಿಗೆ ತಿಳಿಸಬೇಕಾಗುತ್ತೆ.’

ನನ್ನ ಗಂಡ ತಾವೇ ಬಗ್ಗಿ ಬೆರಳಾಡಿಸಿ ನೋಡಿದರು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಅತ್ತೆ ಬೇಕೆಂದೇ ಹೀಗೆ ಮಾಡಿಸಿದರೇನೋ, ನಾನು ರಾಜೀನಾಮೆ ಬರೆಯಲಿ ಅಂತಲೇ ಉಜ್ಜಿಸಿದರೇನೋ ಎಂದು ತಲೆಯಲ್ಲಿ ಸುಳಿಯಿತು. ಅವರೀಗ ಸುಮ್ಮನೆ ನಿಂತರೂ ಸಾಕು, ಅವರ ಮಾತೇ ಗೆದ್ದಂತೆ. ನಾನು ಅವರ ಮುಖವನ್ನೇ ನೋಡಿದೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು.

‘ಸಾಹೇಬ್ರ, ಉಜ್ಜಿಸಿದಾಕಿ ನಾನು. ಬೈಯೂದಿದ್ರ ನನಗ ಬೈರಿ. ಖರೇ, ಒಂದು ಮಾತು ಹೇಳ್ರಿ. ಕಳ್ಳರು ನಂಬರ್ ಅಷ್ಟೇ ಒರಿಸ್ತಾರ. ನಾ ಪೂರಾ ಗಾಡಿ ಉಜ್ಜಿಸೀನಿ. ಮುಟ್ಟಿ ನೋಡ್ರಿ, ಎಲ್ಲರೆ ಒಂದು ಕಡಿ ಖರಖರ ಅಂತದೇನು?’

ಅವನು ನಿಜವಾಗಿಯೂ ಮುಟ್ಟಿ ನೋಡಿದ. ಪೆಟ್ರೋಲ್ ಟಾಕಿ, ಮಡ್‌ಗಾರ್ಡು, ಹಿಂದಿನ ಸ್ಟ್ಯಾಂಡು ಕೂಡ. ಸುತ್ತ ನಿಂತ ಡ್ರೈವರುಗಳು ಕಿಸಕ್ಕನೆ ನಕ್ಕರು.

‘ಯಾಕಮ್ಮಾ ಉಜ್ಜಿಸಿದ್ರಿ?’

‘ನೀವು ನೋಡ್ತೀರಂತ! ನಾವು ಶಹಾಬಾದದವ್ರು. ನಿಮ್ಮ ಮುಂದ ಹೊಲಸು ಗಾಡಿ ತರೂನೇನ್ರಿ? ಅದರಾಗ ನಂಬರ್ ಅದ ಅಂತ ನನಗೇನು ಗೊತ್ತು? ಈಗ ಕೇಳ್ರಿ. ಈಕಿ ನನ್ನ ಸೊಸಿ. ಮಾಸ್ತರಬಾಯಿ. ರಾವೂರದ ಆಚಿಗಿ ಸಾಲಿ. ಬಳಪ ಹಿಡದ್ರ ಈಕಿ ಮಾರಿ ಹ್ಯಾಂಗ ಅರಳ್ತದ ನಾ ನೋಡೀನಿ, ನೀವು ನೋಡಿಲ್ಲ. ಈ ಗಾಡಿ ಆಗ್ಲಿಲ್ಲಂದ್ರ ಈಕಿ ನೌಕರಿ ಹೋಗ್ತದ. ನನ್ನ ತಪ್ಪಿಗಿ ಈಕಿ ಯಾಕ ಮನಿಯಾಗ ಕೂಡಬೇಕ್ರಿ?’

ನನ್ನ ಮುಖ ಅರಳುವುದನ್ನು ಅವರು ಯಾವಾಗ ನೋಡಿದ್ದರು? ಓಣಿಯ ಹುಡುಗಿಯರಿಗೆ ಪಡಸಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದಾಗ ಇರಬೇಕು. ಆಗೆಲ್ಲ ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ ಎಂದುಕೊಂಡಿದ್ದೆ.

ಇನ್‌ಸ್ಪೆಕ್ಟರ್ ಮತ್ತೆ ಬಗ್ಗಿ ಗಾಡಿಯ ಕುತ್ತಿಗೆ ನೋಡಿದ. ಬ್ರೇಕಿನ ಕೇಬಲ್ ಹಿಡಿದಿಟ್ಟ ಒಂದು ಪಟ್ಟಿ ಅಲ್ಲಿ ಬಿಗಿದುಕೊಂಡಿತ್ತು. ಅದನ್ನು ಬಿಚ್ಚಲು ನನ್ನ ಗಂಡನಿಗೆ ಹೇಳಿದ. ಪಟ್ಟಿಯ ಅಡಿಗೆ ಎಮರಿ ಮುಟ್ಟಿರಲಿಲ್ಲ. ನಂಬರಿನ ಕೊನೆಯ ಎರಡು ಅಂಕಿಗಳು ಹಳೆಯ ಕಪ್ಪು ಬಣ್ಣದ ಸಮೇತ ಹಾಗೇ ಉಳಿದಿದ್ದವು. ಅಬಕಾರಿಯವರು ತೆಗೆದ ಪೆನ್ಸಿಲ್ ಅಚ್ಚಿನ ನಕಲು ನಮ್ಮ ಕಾಗದಗಳಲ್ಲೇ ಇತ್ತು. ಹಿಡಿದು ನೋಡಿದ, ಅಂಕಿಯ ಬಾಲವೂ ತಪ್ಪದೆ ಕೂಡಿತು.

‘ಸೋಮವಾರ ಗುಲ್ಬರ್ಗಾಕ್ಕೆ ತನ್ನಿ,’ ಎಂದ. ‘ನಮ್ಮ ಮೇಲಿನ ಸಾಹೇಬರ ಅಪ್ಪಣೆ ತಗೋತೀನಿ. ನನ್ನ ಮುಂದೆ ನಂಬರ್ ಮತ್ತೆ ಹೊಡೀಬೇಕು. ಮತ್ತೆ ಅಮ್ಮಾ, ಅಲ್ಲೀವರೆಗೆ ದಯವಿಟ್ಟು ಏನನ್ನೂ ಉಜ್ಜಬೇಡಿ.’

ಸೋಮವಾರ ಮತ್ತೆ ಕಲ್ಲಿನ ಲಾರಿ. ಕಾರ್ಖಾನೆಯಿಂದ ಅಂಕಿ ಒತ್ತುವ ಉಕ್ಕಿನ ಪಂಚುಗಳನ್ನು ಕೇಳಿ ತಂದಿದ್ದ ನನ್ನ ಗಂಡ, ಇನ್‌ಸ್ಪೆಕ್ಟರ್ ಒಂದು ಕಡೆ, ತಾಯಿ ಒಂದು ಕಡೆ ನಿಂತು ನೋಡುತ್ತಿರುವಾಗ ಒಂದೊಂದೇ ಅಂಕಿ ಹೊಡೆದರು. ದಿನವೂ ಕಬ್ಬಿಣ ಬಡಿಯುವ ಮನುಷ್ಯ ಅವತ್ತು ಏಟು ಏಟಿಗೂ ತಲೆ ಎತ್ತಿ ಇಬ್ಬರನ್ನೂ ನೋಡಿದರು. ಅಂಕಿಗಳು ಮೇಲೆ ಕೆಳಗೆ ಆದವು. ‘ಸೊಟ್ಟ ಆದ್ರೂ ಸರಿ, ಗಟ್ಟಿ ಹೊಡಿ,’ ಎಂದು ಅತ್ತೆ ಗದರಿದರು. ಗಾಡಿಗೆ ನಂಬರ್ ಸಿಕ್ಕಿತು, ನನಗೆ ಶಾಲೆ ಸಿಕ್ಕಿತು.

ಶಾಲೆ ಶುರುವಾದ ದಿನ ಮುಂಜಾನೆ ನಾನು ಚೀಲ ಹಿಡಿದು ಹೊರಗೆ ಬಂದರೆ ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು.

‘ಗಾಡಿ ನಂದು. ಮೊದಲು ನಾ ಕೂಡಬೇಕಿಲ್ಲೇನು?’

ಓಣಿಯನ್ನು ಒಂದು ಸುತ್ತು ಹಾಕಿಸಿಕೊಂಡು, ತಮ್ಮನ ಕಲ್ಲಿನ ಅಡ್ಡೆಯ ಮುಂದೆ ಹಾರ್ನ್ ಹೊಡೆಸಿ ಬಂದು ಇಳಿದರು. ‘ಏರು, ಹೊತ್ತಾಗ್ತದ,’ ಎಂದು ನನ್ನ ಕೈಗೆ ಡಬ್ಬಿ ಕೊಟ್ಟರು. ರೊಟ್ಟಿ ಇನ್ನೂ ಬಿಸಿಯಾಗಿತ್ತು.

ಆ ಫಟಫಟಿ ಬಹಳ ವರ್ಷ ನಡೆಯಿತು. ದಸರೆಯಲ್ಲಿ ಆಯುಧ ಪೂಜೆಗೆ ಓಣಿಯವರೆಲ್ಲ ತಂತಮ್ಮ ಗಾಡಿಯ ಮುಂದಿನ ದೀಪಕ್ಕೆ ಕುಂಕುಮ ಹಚ್ಚುತ್ತಿದ್ದರು. ಅತ್ತೆ ಮಾತ್ರ ಬಗ್ಗಿ, ಹ್ಯಾಂಡಲ್ ಕೆಳಗಿನ ಆ ಸೊಟ್ಟ ಅಂಕಿಗಳನ್ನು ಬೆರಳಿನಿಂದ ಹುಡುಕಿ, ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಒಂದು ವರ್ಷ ನಾನು ಒದ್ದೆ ಬಟ್ಟೆ ತಂದು ಗಾಡಿ ಒರೆಸಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

‘ಉಳಿದದ್ದೆಲ್ಲ ಒರಸು. ಅಲ್ಲಿ ಮುಟ್ಟಬ್ಯಾಡ. ಅಲ್ಲಿ ನನ್ನ ಸೊಸಿ ನೌಕರಿ ಅದ.’