ಎರಡು ತೋಳಿನ ಅಳತೆ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರು, ಮೇಲಿನ ಮಾಳಿಗೆಯಲ್ಲಿ ನಮ್ಮ ಹೊಲಿಗೆ ಅಂಗಡಿ. ನಡುವೆ ಒಂದು ಹಸಿರು ಪರದೆ. ಆಚೆ ನನ್ನ ಹೆಂಡತಿ ಹೆಂಗಸರ ಅಳತೆ ತೆಗೆದು ಒಂದೊಂದಾಗಿ ಕೂಗಿ ಹೇಳುತ್ತಾಳೆ, ಈಚೆ ಕುಳಿತು ನಾನು ಬರೆದುಕೊಳ್ಳುತ್ತೇನೆ. ಮೂವತ್ತು ವರ್ಷಗಳಿಂದ ಹೀಗೇ. ಮಧ್ಯಾಹ್ನ ಊಟದ ಮೇಲೆ ಫ್ಯಾನಿನ ಗಾಳಿಗೆ ನನಗೆ ಜೊಂಪು ಹತ್ತುತ್ತದೆ. ಆಗ ಕೆಳಗಿನ ಕಂಡಕ್ಟರುಗಳ "ಬೆಳ್ತಂಗಡಿ, ಬೆಳ್ತಂಗಡಿ" ಮತ್ತು ಪರದೆಯಾಚೆಯ "ಭುಜ ಹದಿನಾಲ್ಕು, ತೋಳು ಹತ್ತೂವರೆ" ಒಂದರೊಳಗೊಂದು ಸೇರಿ, ಅಂಕಿಗಳೇ ಬಸ್ಸು ಹತ್ತಿ ಘಟ್ಟದ ಕಡೆ ಹೊರಟಂತೆ ಕಾಣುತ್ತದೆ. ಕೈ ಮಾತ್ರ ತನ್ನ ಪಾಡಿಗೆ ಬರೆಯುತ್ತಿರುತ್ತದೆ.

ನನಗೆ ಸಿಟ್ಟು ಬೇಗ. ಅದರಲ್ಲೂ ಅಳತೆಗೆಂದು ಹಳೆ ಅಂಗಿ ತಂದು ಮೇಜಿನ ಮೇಲೆ ಹಾಕುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಡೆ ಇದೊಂದು ರೋಗ. ಗಂಡ ದುಬೈಯಲ್ಲಿ, ಮಗ ಮಸ್ಕತ್ತಿನಲ್ಲಿ, ಅಂಗಿ ಮಾತ್ರ ನನ್ನ ಮೇಜಿನ ಮೇಲೆ! "ಅಂಗಿ ನೋಡಿ ಅಂಗಿ ಹೊಲಿಯುವುದಾದ್ರೆ ಮದುವೆಗೂ ಅಂಗಿಯನ್ನೇ ಕಳಿಸಿ" ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಒಗೆದ ಅಂಗಿ ಕುಗ್ಗುತ್ತದೆ, ತೊಟ್ಟ ಮೈ ಬದಲಾಗುತ್ತದೆ. ಎರಡು ಸುಳ್ಳು ಸೇರಿದರೆ ಒಂದು ನಿಜವಾಗುತ್ತದೆಯೇ?

ಕಳೆದ ವರ್ಷ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಬಂದರು. ಮಗಳು ಇಲ್ಲಿಯ ಕಾಲೇಜಿನಲ್ಲಿ ಓದುತ್ತಿದ್ದಾಗಿನಿಂದ ನಮ್ಮ ಗಿರಾಕಿ. ಈಗ ಆ ಮಗಳಿಗೇ ಮದುವೆ. ಮನೆಯ ಗಂಡಸರಿಗೆಲ್ಲ ಒಂದೇ ಬಟ್ಟೆಯ ಶರ್ಟು ಹೊಲಿಸಬೇಕು. ಗಂಡ ಗಲ್ಫಿನಿಂದ ಬರುವುದು ಮದುವೆಗೆ ಮೂರೇ ದಿನ ಇರುವಾಗ. ಅವರು ಊರಿಗೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಇಷ್ಟು ಹೇಳಿ ಚೀಲದಿಂದ ಗಂಡನ ಹಳೆ ಶರ್ಟು ತೆಗೆದರು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಇದು ನಾಲ್ಕು ವರ್ಷದ ಹಿಂದಿನ ಮೈ ಅಕ್ಕ. ಈಗಿನ ಮೈ ಎಲ್ಲಿ ಉಂಟು?"

"ಫೋನಲ್ಲಿ ಕೇಳಿದೆ ಅಣ್ಣ. ಅದೇ ಅಳತೆ, ಎಂತದೂ ಬದಲಾಗ್ಲಿಲ್ಲ ಅಂದ್ರು."

"ಫೋನಲ್ಲಿ ಮುಖ ಕಾಣ್ತದೆ. ಎದೆ ಕಾಣ್ತದಾ?"

ಅವರು ಶರ್ಟನ್ನು ಮೇಜಿನ ಮೇಲೆಯೇ ಬಿಟ್ಟು, ಪರದೆ ಸರಿಸಿ ಒಳಗೆ ಹೋದರು. ಪಿಸುಮಾತು ಕೇಳಿಸಿತು, ಆಮೇಲೆ ನಗು. ಕೊನೆಗೆ ಹೆಂಡತಿಯ ದನಿ: "ಬರ್ಕೊಳ್ಳಿ. ನಲ್ವತ್ತೆರಡು."

"ಯಾರದ್ದು?"

"ಇವರ ಗಂಡನದ್ದು ಮಾರಾಯ್ರೆ. ತಬ್ಬಿದ್ರೆ ಬೆನ್ನ ಹಿಂದೆ ಇವರ ಬೆರಳ ತುದಿ ಒಂದಕ್ಕೊಂದು ತಾಗ್ತದಂತೆ, ಅಷ್ಟೆ. ತೋಳು ಹಾಗೇ ಹಿಡ್ಕೊಳ್ಳಿ ಅಂತ ಹೇಳಿ ಒಳಗಿಂದ ಟೇಪು ಸುತ್ತಿದೆ."

"ಎಂತ ಸಾವು! ಗಾಳಿಗೆ ಟೇಪು ಹಿಡಿಯುವುದಾ?" ಎಂದು ಬೈದೆ. ಬೈಯುತ್ತಲೇ ಹಳೆ ಶರ್ಟನ್ನು ಮೇಜಿನ ಮೇಲೆ ಹರಡಿ ಅಳೆದೆ. ಸಡಿಲಕ್ಕೆಂದು ಬಿಡುವ ನಾಲ್ಕು ಇಂಚು ಕಳೆದರೆ ಸರಿಯಾಗಿ ನಲವತ್ತೆರಡು. ಬಾಯಿ ಮುಚ್ಚಿಕೊಂಡು ಬಟ್ಟೆ ಕತ್ತರಿಸಿದೆ.

ಆಮೇಲಿನ ಮಧ್ಯಾಹ್ನಗಳಲ್ಲಿ ಜೊಂಪು ಹತ್ತಿದಾಗಲೆಲ್ಲ ನನಗೆ ಎರಡು ತೋಳುಗಳ ಒಂದು ಬಳೆ ಕಾಣುತ್ತಿತ್ತು. ಪರದೆಯ ಹಸಿರಿನಲ್ಲಿ ನಿಧಾನ ತೇಲುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ನಾಲ್ಕು ವರ್ಷ ಖಾಲಿಯಿದ್ದೂ ಅದರ ಅಳತೆ ಅರ್ಧ ಇಂಚೂ ತಪ್ಪಿರಲಿಲ್ಲವಲ್ಲ! ನನ್ನ ಟೇಪು ಎರಡೇ ವರ್ಷಕ್ಕೆ ಎಳೆದು ಎಳೆದು ಉದ್ದವಾಗುತ್ತದೆ, ಹೊಸತು ತರಬೇಕಾಗುತ್ತದೆ. ಕಣ್ಣು ಬಿಟ್ಟರೆ ಫ್ಯಾನು ತಿರುಗುತ್ತಿರುತ್ತಿತ್ತು.

ಮದುವೆಗೆ ಎರಡು ದಿನ ಇರುವಾಗ, ಬೆಳಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಆ ಹೆಂಗಸು ಮೆಟ್ಟಿಲ ಮೇಲೆ ನಿಂತಿದ್ದರು. ನನ್ನ ಮುಖ ನೋಡದೆ ಸೀದಾ ಪರದೆಯ ಆಚೆ ಹೋದರು. ಈ ಸಲ ನಗು ಕೇಳಿಸಲಿಲ್ಲ.

"ಬರ್ಕೊಳ್ಳಿ," ಹೆಂಡತಿಯ ದನಿ ತಗ್ಗಿತ್ತು. "ಮೂವತ್ತಾರು."

ನಾನು ಬರೆಯದೆ ಕುಳಿತೆ. ಆಗ ಪರದೆಯ ಹಿಂದಿನಿಂದ ಆ ಹೆಂಗಸೇ ಮಾತಾಡಿದರು.

"ನಿನ್ನೆ ಬಂದ್ರು ಅಣ್ಣ. ತಬ್ಬಿದಾಗ ನನ್ನ ಬೆರಳು ಇನ್ನೊಂದು ಕೈಯ ಮಣಿಗಂಟಿನವರೆಗೆ ಬಂತು. ಬ್ಯಾಗಲ್ಲಿ ಬಟ್ಟೆಯ ಅಡಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಉಂಟು. ನಾನು ಕೇಳ್ಬಾರ್ದು ಅಂತ ನಿನ್ನೆಯಿಂದ ನಗಾಡಿಕೊಂಡೇ ಇದ್ದಾರೆ. ನಾನೂ ಕೇಳ್ಲಿಲ್ಲ."

"ಹೇಳಿ ಅಕ್ಕ," ಎಂದೆ.

"ನೀವು ಹೊಲಿದಿಟ್ಟ ಶರ್ಟು ಹಾಕಿದ್ರೆ ಜೋತು ಬೀಳ್ತದೆ. ಗಂಡಿನ ಕಡೆಯವರೆಲ್ಲ ಎಂತ ಕಾಯಿಲೆ ಅಂತ ಕೇಳ್ತಾರೆ. ಮಗಳ ಮದುವೆ ದಿನ ಅವರು ತಲೆ ತಗ್ಗಿಸುವ ಹಾಗೆ ಆಗ್ಬಾರ್ದು. ನಾನು ಬಂದದ್ದೂ ಅವರಿಗೆ ಗೊತ್ತಾಗ್ಬಾರ್ದು."

"ಮಂಡೆಬಿಸಿ ಮಾಡ್ಬೇಡಿ," ಎಂದೆ. ನನ್ನ ಮಂಡೆ ಮಾತ್ರ ಬಿಸಿಯಾಗಿತ್ತು. ಆರು ಇಂಚು ಒಳಗೆ ಹಿಡಿಯಬೇಕಾದರೆ ಪಕ್ಕೆಯ ಹೊಲಿಗೆ ಒತ್ತಿದರೆ ಸಾಲದು. ತೋಳು ಬಿಚ್ಚಬೇಕು, ಭುಜ ಕತ್ತರಿಸಬೇಕು, ಕಾಲರು ತೆಗೆಯಬೇಕು. ತಬ್ಬಿದ ತೋಳು ಎದೆಯ ಅಳತೆ ಹೇಳೀತು, ಭುಜದ್ದೂ ಕುತ್ತಿಗೆಯದೂ ಹೇಳುವುದಿಲ್ಲ. ಅವೆರಡನ್ನು ಅಂದಾಜಿನಲ್ಲಿ ಹಾಕಿದೆ. ಮೈಯೂ ಇಲ್ಲದೆ, ಅಂಗಿಯೂ ಇಲ್ಲದೆ, ಬರೀ ಅಂದಾಜಿನ ಮೇಲೆ ಬಟ್ಟೆಗೆ ಕತ್ತರಿ ಇಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಸೀಮೆಸುಣ್ಣದ ಗೆರೆಯನ್ನು ಮೂರು ಸಲ ಅಳಿಸಿ ಮತ್ತೆ ಎಳೆದೆ. ಸುಳ್ಳು ಯಾಕೆ ಹೇಳಲಿ?

ಅದೇ ಸಂಜೆ ಗಂಡ ಬಂದರು. ಮೆಟ್ಟಿಲ ಬುಡದಿಂದಲೇ ದೊಡ್ಡ ನಗು, ಕೈಯಲ್ಲಿ ಖರ್ಜೂರದ ಪೊಟ್ಟಣ, ಮೈಮೇಲೆ ದೊಗಲೆ ಜುಬ್ಬಾ. ಕುರ್ಚಿ ಎಳೆದುಕೊಂಡು ಕುಳಿತು, ಪರದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಣ್ಣ, ಒಂದು ಉಪಕಾರ ಆಗ್ಬೇಕು. ಫೋನಲ್ಲಿ ಹೆಂಡತಿಗೆ ಹೇಳಿದ ಅಳತೆ ಸುಳ್ಳು. ನಾನು ಇಳಿದು ಹೋಗಿದ್ದೇನೆ. ಶರ್ಟು ಸ್ವಲ್ಪ ಒಳಗೆ ಹಿಡಿದು ಕೊಡಿ. ಅವಳಿಗೆ ಈಗ ಗೊತ್ತಾಗುವುದು ಬೇಡ, ಮದುವೆ ಸುಸೂತ್ರ ಆಗ್ಲಿ. ಆಮೇಲೆ ಹೇಳ್ತೇನೆ."

"ಮೊದಲು ಹಾಕಿ ನೋಡಿ," ಎಂದು ಶರ್ಟು ಕೊಟ್ಟೆ.

ಜುಬ್ಬಾ ತೆಗೆದು ಮೇಜಿನ ಮೇಲಿಟ್ಟು, ನನಗೆ ಬೆನ್ನು ಹಾಕಿ ಶರ್ಟು ತೊಟ್ಟರು. ಎದೆ ಸರಿಯಾಗಿ ಕೂತಿತ್ತು. ಭುಜವೂ ಕೂತಿತ್ತು, ಯಾವ ಪುಣ್ಯವೋ. ಕಾಲರು ಒಂದು ಬೆರಳು ಸಡಿಲ. ಅವರು ಎರಡೂ ಕೈ ಎತ್ತಿದರು, ಇಳಿಸಿದರು, ಕನ್ನಡಿಯ ಎದುರು ತುಂಬ ಹೊತ್ತು ನಿಂತರು. ಮೆಟ್ಟಿಲು ಹತ್ತಿಸಿಕೊಂಡು ತಂದಿದ್ದ ಆ ನಗು ಮುಖದಲ್ಲಿ ಉಳಿದಿರಲಿಲ್ಲ.

"ಇದು ನಲ್ವತ್ತೆರಡು ಅಲ್ಲ," ಎಂದರು.

"ಅಲ್ಲ."

"ಅವಳು ಬಂದಿದ್ಲಾ?"

ಹೇಳಬಾರದೆಂದು ಹೇಳಿಸಿಕೊಂಡಿದ್ದೆನಲ್ಲ. ಕುತ್ತಿಗೆಯ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದೆ. ಪರದೆಯ ಆಚೆ ಹೆಂಡತಿಯ ಮಿಷನ್ನು ನಿಂತಿತ್ತು.

"ಟೇಪು ಹಿಡಿಯಲಿಲ್ಲ ಅವಳು. ಯಾವಾಗ ಅಳೆದದ್ದು?" ಎಂದು ಕೇಳಿದ ಅವರಿಗೆ ಅಲ್ಲಿಯೇ ಹೊಳೆಯಿತೆಂದು ಕಾಣುತ್ತದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನ್ನ ಕಣ್ಣೂ ತುಂಬಿತು, ಅದಕ್ಕೆ ನನಗೇನೂ ನಾಚಿಕೆಯಿಲ್ಲ.

"ಕಾಲರು ಸಡಿಲ ಉಂಟು, ಹತ್ತು ನಿಮಿಷ ಕೂತ್ಕೊಳ್ಳಿ," ಎಂದೆ.

"ಇರ್ಲಿ ಅಣ್ಣ. ಮದುವೆವರೆಗೆ ಕಾಯುವುದೆಂತಕ್ಕೆ, ಈಗಲೇ ಹೋಗಿ ಹೇಳ್ತೇನೆ."

ಮದುವೆಯ ಶರ್ಟು ಎರಡು ದಿನ ಮೊದಲೇ ಹಾಕಿಕೊಂಡು, ಗರಿಗರಿ ಇಸ್ತ್ರಿಯ ತೋಳಿಗೆ ಕಣ್ಣೀರು ಒರೆಸಿಕೊಂಡು ಅವರು ಮೆಟ್ಟಿಲು ಇಳಿದರು. ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದೆ. ಕೆಳಗೆ ಕಂಡಕ್ಟರು "ಬಂಟ್ವಾಳ, ಬಂಟ್ವಾಳ" ಎನ್ನುತ್ತಿದ್ದ. ಬಸ್ಸು ಹೊರಟ ಮೇಲೆ ನೋಡಿದರೆ ಅವರ ದೊಗಲೆ ಜುಬ್ಬಾ ನನ್ನ ಮೇಜಿನ ಮೇಲೆಯೇ ಇತ್ತು. ಈವರೆಗೆ ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ.