ಧಣಿಯ ಮೊದಲ ಪ್ಲೇಟ್

ಯತಿನ್‌ಗೆ ಮ್ಯಾನೇಜರ್ ಆಗುವ ಆಸೆ. ಇಪ್ಪತ್ತೆಂಟಕ್ಕೆ ಹೊಟ್ಟೆ ಮಾತ್ರ ಆಗಲೇ ಮ್ಯಾನೇಜರ್ ಆಗಿತ್ತು. ಮುಂಬಯಿ ಪಕ್ಕದ ಠಾಣೆ ಪಟ್ಟಣದ ವರ್ತಕ ನಗರದಲ್ಲಿ ಒಂದು ಹೋಟೆಲಿನ ಬಿಲ್ ಕೌಂಟರಿನಲ್ಲಿ ಕೂತು, ಚಿಲ್ಲರೆ ಇಲ್ಲದವರನ್ನು ಗದರಿಸಿ, ಅದನ್ನೇ ಅಧಿಕಾರ ಅಂದುಕೊಂಡಿದ್ದ. ಅಷ್ಟರಲ್ಲಿ ಲೋಕನಾಥ ಧಣಿಯ ಕರೆ ಬಂತು. ನವಿ ಮುಂಬಯಿಯ ಸೀವುಡ್ಸ್ ಸ್ಟೇಷನ್ನಿನ ಹತ್ತಿರ ಹೊಸ ಹೋಟೆಲು, ಮ್ಯಾನೇಜರ್ ಕೆಲಸ, ದುಪ್ಪಟ್ಟು ಸಂಬಳ.

ಲೋಕನಾಥರ ಬಗ್ಗೆ ಠಾಣೆಯಿಂದ ಕಲ್ಯಾಣದವರೆಗಿನ ಹೋಟೆಲಿನವರಿಗೆಲ್ಲ ಒಂದು ವಿಷಯ ಗೊತ್ತಿತ್ತು. ಎಷ್ಟು ಹೋಟೆಲಿದ್ದರೂ ಅವರ ಊಟದ ಡಬ್ಬಿ ಬರುವುದು ಮನೆಯಿಂದಲೇ.

"ತನ್ನ ಹೋಟೆಲಲ್ಲಿ ತಾನೇ ತಿನ್ನದವನನ್ನು ನಂಬ್ತೀಯಾ ಮಾರಾಯ?" ಎಂದಳು ಕಳವಾ ಊರಿನ ಒಂದೇ ಕೋಣೆಯ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ತಾಯಿ ಸುಗುಣಾ. "ತಿಂಡಿ ಕೆಟ್ಟರೆ ಬೈಗುಳ ತಿನ್ನುವುದು ಕೌಂಟರಿನಲ್ಲಿ ಕೂತವನು."

"ನಂಬಿಕೆ ಇಲ್ಲಮ್ಮ. ಸಂಬಳ ಉಂಟು."

ಆದರೂ ಗಿರಾಕಿಯ ಮುಖ ನೋಡಲಾಗದ ಮ್ಯಾನೇಜರ್ ಆಗುವುದು ಅವನಿಗೆ ಬೇಕಿರಲಿಲ್ಲ. ಒಂದು ಷರತ್ತು ಹಾಕಿಯೇ ಒಪ್ಪಿದ: ದಿನಾ ಬೆಳಗ್ಗೆ ಮೊದಲ ಪ್ಲೇಟ್ ಧಣಿಗೆ, ಅವರು ತಿಂದ ಮೇಲೆ ಗಿರಾಕಿಗೆ.

ಲೋಕನಾಥ ನಕ್ಕರು. "ಪುಕ್ಕಟೆ ತಿಂಡಿ ಯಾರಿಗೆ ಬೇಡ?"

ಕೆಲವು ವಾರ ಎಲ್ಲ ಸರಿಯಿತ್ತು. ಒಂದು ಸೋಮವಾರ ಅಡುಗೆಯ ನಂಜುಂಡ ತಲೆ ಕೆರೆದುಕೊಂಡ. "ನಿನ್ನೆ ಸಾಂಬಾರ್ ಉಳಿದಿತ್ತು ಸಾರ್. ಇವತ್ತಿನದಕ್ಕೆ ಬೆರೆಸು ಅಂದ್ರು ಧಣೀರು."

ಯತಿನ್ ಅದನ್ನೇ ಬಡಿಸಿ ಧಣಿಯ ಮುಂದಿಟ್ಟ.

"ಇವತ್ತು ನನಗೆ ಉಪವಾಸ," ಎಂದರು ಅವರು, ಪ್ಲೇಟಿನ ಕಡೆ ನೋಡದೆ.

ಬಾಗಿಲಲ್ಲಿ ಟ್ರೇನ್ ಹಿಡಿಯುವ ಜನ ನಿಂತಿದ್ದರು. ವರ್ತಕ ನಗರದ ಅವನ ಹಳೇ ಕುರ್ಚಿಯಲ್ಲಿ ಆಗಲೇ ಬೇರೆಯವನು ಕೂತಿದ್ದ. ಆದರೂ ಯತಿನ್ ಅವರ ಕಡೆ ತಿರುಗಿ, ಇವತ್ತು ಸಾಂಬಾರ್ ಇಲ್ಲವೆಂದು ಹಿಂದಿಯಲ್ಲಿ ಕೂಗಿಯೇಬಿಟ್ಟ: "ಆಜ್ ಸಾಂಬಾರ್ ನಹೀ ಹೈ!"

"ಉಡುಪಿ ಹೋಟೆಲ್ ಮೇ ಸಾಂಬಾರ್ ನಹೀ?" ಯಾರೋ ನಕ್ಕರು. ಇಬ್ಬರು ಹೊರಟೇ ಹೋದರು.

ಧಣಿ ಹಲ್ಲು ಕಚ್ಚಿದರು. "ನಾಳೆಯಿಂದ ಬರಬೇಡ ಅಂದರೆ?"

"ಬರುವುದಿಲ್ಲ. ಇದನ್ನು ಬಡಿಸುವುದೂ ಇಲ್ಲ."

ಧಣಿ ಬಾಗಿಲು ನೋಡಿದರು, ಪ್ಲೇಟು ನೋಡಿದರು. ಆಮೇಲೆ ಒಳಗೆ ಕೂಗಿದರು: "ನಂಜುಂಡಾ, ಚೆಲ್ಲು ಅದನ್ನು. ಹೊಸ ಬೇಳೆ ಇಡು." ಅದು ಬೇಯುವವರೆಗೆ ಮುಖ ಊದಿಸಿಕೊಂಡು ಕೂತು, ಮೊದಲ ಪ್ಲೇಟ್ ತಿಂದೇ ಎದ್ದರು.

ಮುಂದಿನ ಭಾನುವಾರ ಸುಗುಣಾ ಮಗನಿಗೆ ಡಬ್ಬಿ ಹಿಡಿದುಕೊಂಡು ಸೀವುಡ್ಸ್‌ಗೆ ಬಂದಳು. ಮೂಲೆಯ ಮೇಜಿನಲ್ಲಿ ಲೋಕನಾಥ ಇಡ್ಲಿಯನ್ನು ಸಾಂಬಾರಿಗೆ ಅದ್ದಿ ತಿನ್ನುತ್ತಿದ್ದರು. ಅದನ್ನು ನೋಡಿ ಅವಳು ಡಬ್ಬಿಯನ್ನು ಚೀಲಕ್ಕೆ ವಾಪಸ್ ಹಾಕಿದಳು.

"ಎರಡು ಇಡ್ಲಿ ಹೇಳು. ಬಿಲ್ ಕೊಡು, ನಾನೇನು ಧಣಿ ಅಲ್ಲ."

ಯತಿನ್ ಎದೆ ಉಬ್ಬಿಸಿ ಬಿಲ್ ಬರೆದ. ಹೊಟ್ಟೆ ಮಾತ್ರ ಆಗಲೂ ಎದೆಗಿಂತ ಮುಂದಿತ್ತು.