ಆನೆ ಕಾಣುವ ಜಾಗ

ನನ್ನ ಮಗಳು ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು. ನಾನು ಬೆಂಗಳೂರಿನ ಗಾರ್ಮೆಂಟಿನಲ್ಲಿ ಕಾಲರ್ ಹೊಲಿಯುತ್ತಿದ್ದೆ, ಅವಳು ರಾಯದುರ್ಗದಲ್ಲಿ ನನ್ನ ತಾಯಿಯ ಹತ್ತಿರ ಬೆಳೆಯುತ್ತಿದ್ದಳು. ಮನೆಯಲ್ಲಿ ನನ್ನ ತಮ್ಮ, ತಂಗಿ ಇಬ್ಬರೂ ನನ್ನನ್ನು ಅಕ್ಕ ಅನ್ನುತ್ತಾರೆ. ಅದನ್ನು ಕೇಳಿ ಅವಳೂ ಅಕ್ಕ ಅಂದಳು. ನನ್ನ ತಾಯಿಯನ್ನು ಅವರು ಅವ್ವ ಅನ್ನುತ್ತಾರೆ; ಇವಳೂ ಅವ್ವ ಅಂದಳು. ಅವಳ ಅಪ್ಪ ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿದ್ದ, ಭಾನುವಾರ ಬಂದು ಉಂಡು ಹೋಗುತ್ತಿದ್ದ. ಅವನಿಗೆ ಮಾತ್ರ ಯಾವ ತಂಟೆಯೂ ಇಲ್ಲದೆ ಅಪ್ಪ ಎಂಬ ಪಟ್ಟ ಸಿಕ್ಕಿತ್ತು.

ಮೊದಮೊದಲು ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಅವಳ ಮಾತು ಸ್ಪಷ್ಟವಾದಂತೆಲ್ಲ ನನ್ನ ನಗು ಸತ್ತಿತು. ಪಕ್ಕದ ಮನೆ ಹುಡುಗಿಯನ್ನು ಕರೆದ ಹಾಗೆ ಕರೆಯುತ್ತಿದ್ದಳು, ಅದೂ ಪ್ರೀತಿಯಿಂದ. ಆ ಪ್ರೀತಿಯೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಬರುವ ಜೂನಿಗೆ ಅವಳನ್ನು ಶಾಲೆಗೆ ಹಾಕಬೇಕು. ಬೆಂಗಳೂರಿಗೇ ಕರೆದೊಯ್ಯುತ್ತೇನೆ ಅಂದಾಗ ಅವ್ವ ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಕರ್ಕೊಂಡು ಹೋಗವ್ವ, ನಾ ಯಾಕ ಬ್ಯಾಡ ಅನ್ಲಿ? ಆದ್ರ ಅಕ್ಕನ ಜೊತಿ ಕಂಡಿಲ್ಲದ ಊರಾಗ ಕೂಸು ಹೆಂಗ ಇದ್ದೀತು? ನಿನ್ನ ಅವ್ವ ಅಂತ ಕರೀಲಿ, ಅವತ್ತ ನಾನಾ ಬಸ್ಸು ಹತ್ತಿಸ್ತೀನಿ."

ಮಾತು ನ್ಯಾಯವಾಗಿತ್ತು. ನ್ಯಾಯವಾಗಿದ್ದುದಕ್ಕೇ ನನಗೆ ಮೈಯೆಲ್ಲ ಉರಿಯಿತು. ಆಯ್ತು, ಅವ್ವ ಅನ್ನಿಸಿಕೊಂಡೇ ಕರೆದೊಯ್ಯುತ್ತೇನೆ ಅಂದೆ.

ದಾರಿ ತೋರಿಸಿದವಳು ಮಗಳೇ. ಟಿವಿಯಲ್ಲಿ ಮೈಸೂರಿನ ದಸರಾ ಮೆರವಣಿಗೆ ನೋಡಿ, ಬಂಗಾರದ ಅಂಬಾರಿ ಹೊತ್ತ ಆನೆ ಬೇಕು ಅಂತ ಹಟ ಹಿಡಿದಿದ್ದಳಂತೆ. ಆಯುಧಪೂಜೆ, ವಿಜಯದಶಮಿಗೆ ನಮ್ಮ ಫ್ಯಾಕ್ಟರಿಗೆ ರಜೆ. ಬಸ್ಸು ಹತ್ತಿ ಊರಿಗೆ ಹೋದೆ, ಮಗಳನ್ನು ಕರೆದುಕೊಂಡು ಅದೇ ದಾರಿಯಲ್ಲಿ ತಿರುಗಿ ಬಂದೆ. ಆನೆ ತೋರಿಸಿದವಳನ್ನು ಅವ್ವ ಅನ್ನದೆ ಇರುತ್ತಾಳೆಯೆ? ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಈಗ ಬರೆಯುವಾಗ ನನಗೇ ಅಯ್ಯೋ ಅನ್ನಿಸುತ್ತದೆ, ಅವತ್ತು ಬೇರೆ ಏನೂ ತೋಚಿರಲಿಲ್ಲ.

ಮೆರವಣಿಗೆ ನೋಡುವ ಜಾಗದ ವಿಷಯದಲ್ಲಿ ನನಗೆ ಗುರು ನನ್ನ ರೂಮಿನವಳು. ಮಡಕಶಿರದ ಕಡೆಯವಳು, ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳ. ನಮ್ಮ ಲೈನಿನಲ್ಲೇ ಕಫ್ ಹೊಲಿಯುತ್ತಿದ್ದಳು. ಹಿಂದಿನ ವರ್ಷ ಅಕ್ಕನ ಮಕ್ಕಳನ್ನು ಕಟ್ಟಿಕೊಂಡು ದಸರಾಕ್ಕೆ ಹೋಗಿ ಸಾಕುಸಾಕಾಗಿ ಬಂದಿದ್ದಳು. ಅವಳನ್ನೂ ಹೊರಡಿಸಿದೆ. ನಸುಕಿನ ರೈಲಿನಲ್ಲಿ ಕೂತು ಅವಳು ಪಾಠ ಶುರು ಮಾಡಿದಳು.

"ಮುಂದುಗಡೆ ಬೇಲಿ ಹತ್ರ ಹೋದೀಯ, ಹಿಂದಿನೋರು ನೂಕಿ ಹಪ್ಪಳ ಮಾಡಿಬಿಡ್ತಾರೆ ಕಣೆ. ಮಗೀನ ಕರ್ಕೊಂಡು ಹೋದೋರು ನೆಳ್ಳು ನೋಡ್ಬೇಕು, ನೀರು ನೋಡ್ಬೇಕು, ಒಂದಕ್ಕೆ ಅಂತ ಎದ್ರೆ ಹತ್ರದಾಗೆ ಜಾಗ ಐತಾ ನೋಡ್ಬೇಕು. ಆನೆ ಆಮೇಲೆ."

ಅವಳ ಮಾತಿನ ಪ್ರಕಾರವೇ ಹುಡುಕಿದೆವು. ಒಂದು ಕಡೆ ಮರದ ನೆರಳಿತ್ತು, ಆದರೆ ಕೊಂಬೆಯ ಮೇಲೆಲ್ಲ ಹುಡುಗರು ಹತ್ತಿ ಕೂತಿದ್ದರು. ಯಾವಾಗ ಮುರಿದು ತಲೆಯ ಮೇಲೆ ಬೀಳುತ್ತದೋ ಎಂದು ಬಿಟ್ಟೆವು. ಇನ್ನೊಂದು ಕಡೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಬಿಸಿಲು ನೇರ ಮುಖಕ್ಕೆ. ಕೊನೆಗೆ ಮುಚ್ಚಿದ ಅಂಗಡಿಯ ಮೆಟ್ಟಿಲು ಸಿಕ್ಕಿತು. ಮೇಲೆ ತಗಡಿನ ಚಪ್ಪರ, ಎದುರಿಗೆ ನಲ್ಲಿ, ಪಕ್ಕದ ಸಂದಿಯಲ್ಲಿ ಶೌಚಾಲಯ. ಮೆಟ್ಟಿಲಿನ ಮೇಲೆ ನಿಂತರೆ ಮಗಳಿಗೂ ರಸ್ತೆ ಕಾಣುತ್ತಿತ್ತು. ಗೆಳತಿ ಸೆರಗಿನಿಂದ ಮೆಟ್ಟಿಲು ಒರೆಸಿ, ಅರಮನೆಗೇ ಬಂದವಳ ಹಾಗೆ ಕೂತಳು.

ಬೆಳಗ್ಗೆಯಿಂದ ಕಾದೆವು. ಚಿತ್ರಾನ್ನ ಉಂಡೆವು. ಮಗಳು ನನ್ನ ತೊಡೆಯ ಮೇಲೆ ಕೂತು ಬಳೆ ಎಣಿಸುತ್ತಿದ್ದಳು. ಸಮಯ ನೋಡಿ ಕೇಳಿದೆ: "ಆನಿ ತೋರಿಸಿದ ಮ್ಯಾಲೆ ನನ್ನ ಏನಂತ ಕರೀತಿ?"

"ಅಕ್ಕ."

"ಅವ್ವ ಅನ್ನಲ್ಲೇನು?"

ಅವಳು ನನ್ನ ಮುಖ ನೋಡಿ ನಕ್ಕಳು, ನಾನೇನೋ ತಮಾಷೆ ಮಾಡಿದೆ ಅನ್ನುವ ಹಾಗೆ. "ಅವ್ವ ಊರಾಗ ಅದಾಳಲ್ಲ!"

ಗೆಳತಿ ನನ್ನ ಮೊಣಕೈ ತಿವಿದಳು. "ಬಿಡೆ, ಮಗೀನ ಯಾಕೆ ಗೋಳು ಹುಯ್ಕೊಂತೀಯ?"

ಮಧ್ಯಾಹ್ನದ ಹೊತ್ತಿಗೆ ನಮ್ಮ ಜಾಗದ ಬಣ್ಣ ಬಯಲಾಯಿತು. ನೆರಳು, ನೀರು, ಶೌಚಾಲಯ ನಮಗೊಬ್ಬರಿಗೇ ಬೇಕೇನು? ಮಕ್ಕಳಿದ್ದ ಮಂದಿಯೆಲ್ಲ ಅದೇ ಲೆಕ್ಕ ಹಾಕಿ ಅಲ್ಲಿಗೇ ಬಂದಿದ್ದರು. ಸಂದಿ ತುಂಬಿ ತುಳುಕುತ್ತಿತ್ತು. ಅಷ್ಟರಲ್ಲಿ ಮಗಳು ಒಂದಕ್ಕೆ ಅಂದಳು. ಗೆಳತಿಯನ್ನು ಮೆಟ್ಟಿಲಿನ ಮೇಲೆ ಬಿಟ್ಟು ಮಗಳ ಕೈ ಹಿಡಿದು ಹೋದೆ. ಹೋಗುವಾಗ ಹೇಗೋ ಹೋದೆವು. ಬರುವಾಗ ರಸ್ತೆಯಲ್ಲಿ ಡೊಳ್ಳಿನ ಸದ್ದು ಎದ್ದಿತು. ಬಂತು, ಬಂತು ಎಂದು ಸಂದಿಯ ಮಂದಿಯೆಲ್ಲ ಒಟ್ಟಿಗೆ ರಸ್ತೆಗೆ ನುಗ್ಗಿದರು. ದಡೂತಿ ಗಂಡಸೊಬ್ಬ ನಮ್ಮಿಬ್ಬರ ನಡುವೆ ನುಗ್ಗಿದ. ಬೆವೆತ ಪುಟ್ಟ ಕೈ ಸೋಪಿನ ಹಾಗೆ ಜಾರಿತು.

ಅವನು ದಾಟಿದ ಮೇಲೆ ನೋಡಿದರೆ ಮಗಳಿಲ್ಲ.

ಕೂಗಿದೆ. ಡೊಳ್ಳಿನ ಮುಂದೆ ನನ್ನ ಗಂಟಲು ಯಾವ ಲೆಕ್ಕ? ಬಗ್ಗಿ ಕಾಲುಗಳ ನಡುವೆ ಹುಡುಕಿದೆ. ಎಲ್ಲ ಮಕ್ಕಳೂ ಒಂದೇ ಎತ್ತರ, ಎಲ್ಲರ ಮೈಮೇಲೂ ಹೊಸ ಫ್ರಾಕು. ಯಾರದೋ ಮಗಳ ಭುಜ ಹಿಡಿದು ತಿರುಗಿಸಿ ಅವಳ ತಾಯಿಯಿಂದ ಬೈಸಿಕೊಂಡೆ. ಶೌಚಾಲಯಕ್ಕೆ ಮತ್ತೆ ಓಡಿದೆ, ಮೆಟ್ಟಿಲಿಗೆ ಓಡಿದೆ. "ಇಲ್ಲಿಗೆ ಬಂದ್ರೆ ನಾನು ಹಿಡ್ಕೊಂತೀನಿ, ನೀನು ಹುಡುಕು, ಹೋಗು!" ಅಂದಳು ಗೆಳತಿ. ಊರಿಗೆ ಫೋನು ಹಚ್ಚಿದೆ. ಅಷ್ಟು ಜನರ ನಡುವೆ ನೆಟ್‌ವರ್ಕೂ ಸತ್ತಿತ್ತು. ಹತ್ತಿದ್ದರೂ ಅವ್ವನಿಗೆ ಏನಂತ ಹೇಳುತ್ತಿದ್ದೆ?

ನಡುನಡುವೆ ಮೈಕಿನಲ್ಲಿ ಕೂಗುತ್ತಿದ್ದರು. ಬ್ಯಾಂಡು ನಿಂತಾಗೊಮ್ಮೆ ಮಾತು ಕೇಳುತ್ತಿತ್ತು.

"ದಯವಿಟ್ಟು ಗಮನಿಸಿ. ಚಿತ್ರದುರ್ಗದಿಂದ ಅಕ್ಕನ ಜೊತೆ ಬಂದಿರುವ ಹೆಣ್ಣು ಮಗು ನಮ್ಮ ಹತ್ತಿರ ಇದೆ. ಮಗು ಹೆಸರು ಹೇಳುತ್ತಿಲ್ಲ. ಅದರ ಅಕ್ಕ ಎಲ್ಲಿದ್ದರೂ ಕೂಡಲೇ ಬರಬೇಕು."

ಹೆಣ್ಣು ಮಗು ಅಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಚಿತ್ರದುರ್ಗ ಅಂದಾಗ ತಿರುಗಿ ಕೆಳಗಿಳಿಯಿತು. ಮತ್ತೆ ಕೂಗಿದರು, ಮತ್ತೆ ಮತ್ತೆ ಕೂಗಿದರು. ಯಾವಳೋ ಅಕ್ಕ, ಎಂಥ ಅಕ್ಕ, ಇಷ್ಟು ಕೂಗಿದರೂ ಬರಬಾರದೇ, ಇವಳ ಕಿವಿಗೆ ಬೆಂಕಿ ಬೀಳ ಎಂದು ಶಪಿಸಿದೆ. ಅವಳ ತಂಗಿಯಾದರೂ ಸಿಕ್ಕಳಲ್ಲ ಎಂದು ಹೊಟ್ಟೆಕಿಚ್ಚು ಬೇರೆ. ಒಂದರ ಹಿಂದೊಂದು ಸ್ತಬ್ಧಚಿತ್ರಗಳು ಹೋಗುತ್ತಿದ್ದವು, ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕಣ್ಣು ನೆಲದ ಮೇಲಿತ್ತು. ಎಲ್ಲಾದರೂ ಪುಟ್ಟ ಚಪ್ಪಲಿ ಬಿದ್ದಿದೆಯೇ ಎಂದು ನೋಡುತ್ತಿದ್ದೆ, ಬಿದ್ದಿರದಿರಲಿ ಎಂದು ಬೇಡುತ್ತಿದ್ದೆ.

ಗಂಟಲು ಬಿದ್ದು ಮೆಟ್ಟಿಲಿಗೆ ತಿರುಗಿ ಬಂದಾಗ ಗೆಳತಿ ನನ್ನ ಎರಡೂ ತೋಳು ಹಿಡಿದಳು.

"ಲೇ, ನಿನ್ನ ಮಗು ನಿನ್ನ ಏನಂತ ಕರೀತೈತೆ?"

"ಇದು ಕೇಳೋ ಹೊತ್ತೇನೇ?" ಎಂದು ಅವಳ ಕೈ ಕೊಡವಿದೆ.

"ಅಕ್ಕ ಅಂತೈತೆ ತಾನೆ? ನಿಮ್ಮೂರಿಗೆ ನೀವು ಏನಂತೀರ?"

ನಮ್ಮ ಮನೆಯಲ್ಲಿ ಯಾರೂ ರಾಯದುರ್ಗ ಎಂದು ಪೂರ್ತಿ ಹೇಳುವುದಿಲ್ಲ. ದುರ್ಗ ಅಂದರೆ ಮುಗಿಯಿತು. ಯಾವ ಊರು ಪುಟ್ಟಿ ಎಂದು ಕೇಳಿದವರಿಗೆ ಮಗಳು ದುರ್ಗ ಅಂದಿದ್ದಾಳೆ. ಮೈಸೂರಿನವರಿಗೆ ದುರ್ಗ ಎಂದರೆ ಒಂದೇ ದುರ್ಗ.

ಮೈಕಿನ ದನಿ ಬರುತ್ತಿದ್ದ ಚೌಕದ ಹತ್ತಿರ ಪೊಲೀಸರ ಪೆಂಡಾಲಿತ್ತು. ಇಬ್ಬರೂ ಓಡಿದೆವು. ಅದೇ ಹೊತ್ತಿಗೆ ಜನ ಒಮ್ಮೆಲೇ ಜೈ ಎಂದು ಕೂಗಿದರು, ಕೈಗಳೆಲ್ಲ ಮೇಲೆದ್ದವು. ಅಂಬಾರಿ ಬಂದಿತ್ತು. ಜನರೆಲ್ಲ ಅತ್ತ ತಿರುಗಿದ್ದರಿಂದ ನಮಗೆ ದಾರಿ ಸಿಕ್ಕಿತು. ಆನೆಗೆ ಬೆನ್ನು ಮಾಡಿ ಓಡಿದ್ದು, ಆ ಮೈಸೂರಿನಲ್ಲಿ, ನಾವಿಬ್ಬರೇ ಇರಬೇಕು.

ಪೆಂಡಾಲಿನಲ್ಲಿ ಎತ್ತರದ ಮೇಜಿನ ಮೇಲೆ ಮಗಳು ನಿಂತಿದ್ದಳು, ಕೈಯಲ್ಲಿ ಬಿಸ್ಕತ್ತು. ಕಣ್ಣೀರು ಆಗಲೇ ಒಣಗಿ ಕೆನ್ನೆಯ ಮೇಲೆ ಬರೆ ಕಟ್ಟಿತ್ತು.

"ಅಕ್ಕಾ! ಎಲ್ಲಿಗ್ ಹೋಗಿದ್ದಿ? ಆನಿ ಹೋತು! ಇಲ್ಲಿಂದ ಎಷ್ಟ್ ಚಲೋ ಕಾಣಿಸ್ತು ಗೊತ್ತೇನು!"

ನುಗ್ಗಿ ಎತ್ತಿಕೊಳ್ಳಲು ಹೋದೆ. ಮಹಿಳಾ ಪೊಲೀಸೊಬ್ಬರು ತೋಳು ಅಡ್ಡ ಹಾಕಿದರು.

"ಇರಿ. ಮಗುಗೆ ನೀವು ಏನಾಗ್ಬೇಕು?"

"ತಾಯಿರಿ. ಹೆತ್ತಾಕಿ ನಾನಾ."

ಅವರು ಮಗಳ ಕಡೆ ತಿರುಗಿದರು. "ಪುಟ್ಟಿ, ಇವ್ರು ಯಾರು?"

"ಅಕ್ಕ."

"ನಿಮ್ಮಮ್ಮ ಎಲ್ಲಿದ್ದಾರೆ?"

"ಅವ್ವ ಊರಾಗ ಅದಾಳ."

ಗೆಳತಿ ನಡುವೆ ಬಾಯಿ ಹಾಕಿ, ಇವಳೇ ತಾಯಿ ಕಣಮ್ಮ, ಮಗು ಅಂಗೆ ಕರೀತೈತೆ ಅಷ್ಟೆ ಅಂದಳು. ಆ ಪೊಲೀಸು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ತಾಯಿ ಊರಲ್ಲಿದ್ದಾರೆ ಅಂತಿದೆ ಮಗು. ನೀವು ನಾನೇ ತಾಯಿ ಅಂತೀರ. ಹೇಗೆ ಕಳಿಸ್ಲಿ ಹೇಳಿ? ನಾಳೆ ಇದರ ತಾಯಿ ಬಂದು ಕೇಳಿದ್ರೆ?"

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಮಗಳ ಎದುರು ಮಂಡಿಯೂರಿದೆ. "ಒಂದ್ಸಲ ಅವ್ವ ಅನ್ನು ನನ್ನವ್ವ. ಒಂದಾ ಸಲ. ನಿನ್ನ ಕಾಲಿಗೆ ಬೀಳ್ತೀನಿ, ಅನ್ನಾ!" ನನ್ನ ದನಿ ಕಿರುಚಾಟವಾಗಿತ್ತು. ಅವಳು ಹೆದರಿದಳು. ಬಿಸ್ಕತ್ತು ಕೆಳಗೆ ಬಿತ್ತು. ಆ ಹೆಂಗಸಿನ ಖಾಕಿ ಅಂಗಿಯಲ್ಲಿ ಮುಖ ಹುದುಗಿಸಿ ಅಳತೊಡಗಿದಳು.

ನಾನು ಎದ್ದು ಸೆರಗಿನಿಂದ ಮುಖ ಒರೆಸಿಕೊಂಡೆ.

"ತಪ್ಪಾತ್ರಿ," ಅಂದೆ. "ಗಾಬರಿಗೆ ಏನೇನೋ ಅಂದೆ. ನಾನು ಆಕಿ ಅಕ್ಕ ಅದೀನ್ರಿ. ನಮ್ಮವ್ವ ಊರಾಗ ಅದಾಳ್ರಿ."

"ಹೌದಾ ಪುಟ್ಟಿ? ಅಕ್ಕನ ಜೊತೆ ಹೋಗ್ತೀಯ?"

ಮಗಳು ಖಾಕಿಯಿಂದ ಮುಖ ತೆಗೆದು ಹೂಂ ಅಂದಳು. ಅವರು ತೋಳು ತೆಗೆದರು. ಅವಳು ಹಾರಿ ಬಂದು ನನ್ನ ಸೊಂಟ ಏರಿ, ಕುತ್ತಿಗೆಗೆ ಕೈ ಸುತ್ತಿದಳು.

ರೈಲು ಸ್ಟೇಷನ್ನಿನ ದಾರಿಯಲ್ಲಿ ಜನ ಕರಗಿದ ಮೇಲೆ ಫೋನು ಹತ್ತಿತು. ಮಗಳು ನನ್ನ ಕೈಯಿಂದ ಕಿತ್ತುಕೊಂಡು, ಅವ್ವಾ, ಆನಿ ನೋಡಿದೆ, ಬಂಗಾರದ್ದು ಮ್ಯಾಲಿತ್ತು, ಪೊಲೀಸರು ಬಿಸ್ಕೀಟು ಕೊಟ್ರು ಎಂದು ಎಲ್ಲ ಒದರಿದಳು. ಕೊನೆಗೆ ಅವ್ವ ನನ್ನನ್ನು ಕೇಳಿದಳು.

"ಕರದ್ಳೇನವ್ವ ನಿನ್ನ?"

ಗೆಳತಿ ಬೇರೆ ಕಡೆ ನೋಡುತ್ತಿದ್ದಳು. ಮಗಳು ನನ್ನ ಭುಜದ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಳು.

"ನಾಳಿ ಕರ್ಕೊಂಡು ಬಂದು ನಿನ್ನ ಹತ್ರಾನಾ ಬಿಡ್ತೀನವ್ವ," ಅಂದೆ.